ಸಗಣಿ ದಿಬ್ಬದ ಊರಿಗೊಂದು ವೆಬ್‌ಪೇಜ್

ಸಗಣಿಯ ಮೇಲೆ ನಿಂತಿದೆ, ಅರ್ಧ ಮೈ ಹೊಲಕ್ಕೆ ಹೋಗಿದೆ, ಗಂಟೆ ಇದೆ, ಗೋಪುರ ಇಲ್ಲ. ಏನದು? ಬಿಡಿ, ನಿಮಗೆ ಗೊತ್ತಾಗಲ್ಲ. ಅಮೆರಿಕದ ಎಡಿಸನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜ ಹುಟ್ಟಿದ ಊರು. ಹಾಲೆಂಡಿನ ಉತ್ತರಕ್ಕೆ, ಫ್ರೀಸ್‌ಲ್ಯಾಂಡ್‌ನಲ್ಲಿ. ಅವನನ್ನ ಡಚ್ಚಿನವನು ಅಂದರೆ, ನಮ್ಮನ್ನ ಮದ್ರಾಸಿ ಅಂದಾಗ ಆಗೋವಷ್ಟೇ ಸಿಟ್ಟು. ನನ್ನಂಥವನ ಕೈಗೆ ಅವನು ಕೆಲಸ ಕೊಟ್ಟ. ಆಮೇಲೆ ಒಂದಲ್ಲ ಒಂದು ಆಗ್ತಾನೇ ಇತ್ತು.

೧. ಅರ್ಧ ಚರಿತ್ರೆ

ಆಗ ಬೀದಿಯ ಅಂಕಲ್‌ಗಳೆಲ್ಲ ಎರಡು ಸಾವಿರನೇ ಇಸವಿ ಬಂದ ಕೂಡಲೇ ಕಂಪ್ಯೂಟರ್ ಸಾಯದ ಹಾಗೆ ಪ್ರೋಗ್ರಾಂ ತಿದ್ದುತ್ತಿದ್ದರು. ಹೈಸ್ಕೂಲ್ ಅರ್ಧಕ್ಕೆ ಬಿಟ್ಟ ನನಗೆ ಬರ್ತಿದ್ದದ್ದು ವೆಬ್‌ಪೇಜ್ ಮಾಡೋದೊಂದೇ. ಊರು ಬಿಟ್ಟ ಮೇಲೆ ಅಜ್ಜನಿಗೆ ಅಲ್ಲಿಂದ ಒಂದು ಕಾಗದವೂ ಬಂದಿರಲಿಲ್ಲವಂತೆ. ಊರಿನ ಚರಿತ್ರೆ ಇಂಟರ್ನೆಟ್ಟಿಗೆ ಹಾಕಿದರೆ ಯಾರಾದರೂ ನೋಡಿ ಎರಡು ಸಾಲು ಬರೆದಾರು ಅಂತ ಆಸೆ.

ಸಮುದ್ರ ನುಗ್ಗದಿರಲಿ ಅಂತ ಹಿರಿಯರು ಮಣ್ಣು, ಸಗಣಿ ಪೇರಿಸಿ ದಿಬ್ಬ ಮಾಡಿ, ಅದರ ಮೇಲೆ ಊರು ಕಟ್ಟಿದರು. ಮುಂದಿನವರು ಒಳ್ಳೇ ಗೊಬ್ಬರ ಅಂತ ಅರ್ಧ ದಿಬ್ಬ ಅಗೆದು ಮಾರಿದರು.

"ಚರಿತ್ರೆ ಅರ್ಧ ಮಾರಿಹೋಗಿದೆ," ಅಂದ ಅಜ್ಜ. "ಉಳಿದದ್ದು ಟೈಪ್ ಮಾಡು."

೨. ಮೂರು ಸುತ್ತು

ನೋಡೋ ಜಾಗ ಅಂದರೆ ಒಂದು ಚರ್ಚು. ಗೋಪುರ ಕಟ್ಟೋಕೆ ಗತಿಯಿಲ್ಲದೆ ಹೊರಗೆ ಮರದ ಚೌಕಟ್ಟಿಗೆ ಗಂಟೆ ನೇತುಹಾಕಿದ್ದರು. ಆ ಚರ್ಚಿಗೆ ಮೂರು ಸುತ್ತು ಹಾಕ್ತಾರೆ ಅಂತ ಅಮ್ಮನಿಗೆ ಹೇಳಿದೆ. ಯಾವಾಗ ಅನ್ನೋದನ್ನ ಬೇಕಂತಲೇ ಹೇಳಲಿಲ್ಲ. ಧಾರವಾಡದ ಅಮ್ಮ ಕರಗಿಹೋದಳು: "ನಮ್ಹಂಗ ಪ್ರದಕ್ಷಿಣಿ ಹಾಕೋ ಮಂದಿ ನೋಡು."

ಅಜ್ಜ ಹಾರ್ಟ್ ಆಪರೇಷನ್ ಮಾಡಿಸಿಕೊಂಡು ಬಂದ ದಿನ, ಕೈ ಹಿಡಿದು ನಮ್ಮ ತುಳಸಿ ಕುಂಡಕ್ಕೆ ಮೂರು ಸುತ್ತು ಹಾಕಿಸಿದಳು. ಅಜ್ಜನ ಮುಖ ಬಿಳಿಚಿಕೊಂಡಿತು. ಅವರೂರಲ್ಲಿ ಅದು ಹೆಣಕ್ಕೆ ಮಾಡಿಸೋ ಶಾಸ್ತ್ರ.

"ಅಲ್ಲಾದರೆ ಹೊತ್ಕೊಂಡು ಸುತ್ತುತ್ತಾರೆ," ಅಂದ. "ನಿಮ್ಮಮ್ಮ ನಡೆಸಿಬಿಟ್ಟಳು."

೩. ಎರಡು ಸಾಲು

ಅಜ್ಜ ಪ್ರತಿ ಶನಿವಾರ ಬಂದು ಯಾರಾದರೂ ಬರೆದರಾ ಅಂತ ಕೇಳೋನು. ಪೇಜ್ ಎಷ್ಟು ಸಲ ತೆರೆದಿದ್ದಾರೆ ಅನ್ನೋ ಲೆಕ್ಕ ಅದರ ಕೆಳಗೇ ಬರ್ತಿತ್ತು: ನಲವತ್ತು. ನಲವತ್ತು ಸಲವೂ ನಾನೇ. ತಡೆಯಲಾರದೆ, ಆ ಊರಿನ ಮೇಷ್ಟ್ರು ಬರೆದ ಹಾಗೆ ಪೇಜಿನಲ್ಲಿ ನಾನೇ ಎರಡು ಸಾಲು ಬರೆದೆ: ಗಂಟೆ ಚೆನ್ನಾಗಿದೆ, ಎಲ್ಲರೂ ನಿಮ್ಮನ್ನ ಕೇಳ್ತಿರ್ತಾರೆ.

ಅಜ್ಜ ಓದಿ ನನ್ನ ತಲೆಗೊಂದು ಮೊಟಕಿದ. "ನಮ್ಮೂರವರು ಯಾರನ್ನೂ ಕೇಳಲ್ಲ ಕಣೋ. ಸಿಕ್ಕಿಬಿದ್ದೆ."

ಆ ಮೊಟಕು, ಆ ಮಾತು ಎರಡೂ ನಾನು ಕಟ್ಟಿ ಹೇಳಿದ್ದು. ನಾನು ಬರೆದದ್ದು ಶುಕ್ರವಾರ. ಅಜ್ಜ ಗುರುವಾರವೇ ತೀರಿಕೊಂಡಿದ್ದ, ನಮಗೆ ಗೊತ್ತಾದದ್ದು ಶನಿವಾರ ಅವನು ಬಾರದಿದ್ದಾಗ. ಪೇಜಿನ ಲೆಕ್ಕ ಈಗ ನಲವತ್ತೊಂದಾಗಿದೆ. ಅದೂ ನಾನೇ.