ಎದುರು ಕಟ್ಟಡಕ್ಕೆ ವೈಫೈ ದಾಟಿಸಿದ್ದು

ಸಂಜೆ ಐದಾದರೆ ನನ್ನ ಮನೆಯಲ್ಲಿ ನನಗೇ ಜಾಗವಿರುತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನನ್ನ ಹೆಂಡತಿಯೂ ನಂಬಲಿಲ್ಲ. "ಇಷ್ಟಗಲ ಹಾಲಿದೆ, ನಿಮಗೊಬ್ಬರಿಗೇ ಜಾಗ ಇಲ್ವಾ?" ಎಂದು ಕೇಳಿ, ಆ ಇಷ್ಟಗಲದ ಹಾಲಿಗೆ ಇನ್ನೊಂದು ತಟ್ಟೆ ಬಿಸ್ಕತ್ತು ತೆಗೆದುಕೊಂಡು ಹೋಗುತ್ತಿದ್ದಳು.

ಇದಕ್ಕೆಲ್ಲ ಮೂಲ ನಮ್ಮ ಮನೆಯ ವೈಫೈ. ಎದುರು ಕಟ್ಟಡದಲ್ಲಿ ಇಂಟರ್ನೆಟ್ ಇರಲಿಲ್ಲ. ಕೇಬಲ್ ಎಳೆಯಬೇಕೆಂದರೆ ರಸ್ತೆ ಅಗೆಯಬೇಕು; ಹೊಸದಾಗಿ ಕಾಂಕ್ರೀಟ್ ಹಾಕಿದ ರಸ್ತೆಯನ್ನು ಮುಟ್ಟಲು ಯಾರೂ ಬಿಡುತ್ತಿರಲಿಲ್ಲ (ಅಗೆಯುವುದಕ್ಕೆಂದೇ ಹುಟ್ಟಿದ ಇಲಾಖೆಗೆ ಆಗಲೇ ವೈರಾಗ್ಯ ಬರಬೇಕೆ). ಹಾಗಾಗಿ ಅಲ್ಲಿ ಮೂರನೆಯ ಮಹಡಿಯಲ್ಲಿರುವ ನನ್ನ ಅತ್ತಿಗೆ, ಪರವೂರಿನ ಮಗಳ ಮುಖ ನೋಡಿ ಮಾತಾಡಲು ನಮ್ಮಲ್ಲಿಗೆ ಬರುತ್ತಿದ್ದರು. ಅವರ ಕೆಳಗಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಹಳೆಯ ಕುಸ್ತಿ ನೋಡಲು ಬರುತ್ತಿದ್ದರು. ನೆಲಮಹಡಿಯ ಟೈಲರಮ್ಮ ಹೊಸ ಹೊಸ ಕಾಲರುಗಳನ್ನು ನೋಡಲು ಬರುತ್ತಿದ್ದರು. ಒಂದು ಮೂಲೆಯಲ್ಲಿ ಮಗಳ ಕೆಮ್ಮಿನ ವಿಚಾರಣೆ, ಇನ್ನೊಂದರಲ್ಲಿ ಪೈಲ್ವಾನರ ಹೂಂಕಾರ, ಮತ್ತೊಂದರಲ್ಲಿ "ಇಲ್ಲಿ ಮಡಚಿ, ಅಲ್ಲಿ ಕತ್ತರಿಸಿ". ನಡುವೆ ಪತ್ರಿಕೆ ಹಿಡಿದು ಓದಲಾಗದೆ ಕೂತ ಮನೆಯ ಯಜಮಾನ.

ನಾನು ದೂರವಾಣಿ ಕಚೇರಿಯಿಂದ ನಿವೃತ್ತನಾದವನು. (ಬಿಲ್ಲುಗಳ ವಿಭಾಗ. ತಂತಿ ಮುಟ್ಟಿದ್ದು ಬಟ್ಟೆ ಒಣಹಾಕುವಾಗ ಮಾತ್ರ.) ಆದರೂ ಇಲಾಖೆಯ ಗಾಳಿ ಸೋಕಿದ್ದರಿಂದಲೋ ಏನೋ, ಒಂದು ದಿನ ತಲೆಯಲ್ಲಿ ಮಿಂಚು ಹೊಳೆಯಿತು. ತಂತಿಯೇ ಇಲ್ಲದೆ ವೈಫೈಯನ್ನು ರಸ್ತೆ ದಾಟಿಸಿಬಿಟ್ಟರೆ ಇವರೆಲ್ಲ ಅವರವರ ಮನೆಯಲ್ಲೇ ಇರುತ್ತಾರಲ್ಲ. ವಿಚಾರಿಸಿ, ಊಟದ ತಟ್ಟೆಯಷ್ಟಗಲದ ಎರಡು ಬಿಳಿ ಡಿಶ್‌ಗಳನ್ನು ತಂದೆ. ಒಂದು ನಮ್ಮ ತಾರಸಿಗೆ, ಇನ್ನೊಂದು ಅತ್ತಿಗೆಯ ಕಿಟಕಿಗೆ.

"ಎರಡೂ ಮುಖಾಮುಖಿ ಇರ್ಬೇಕು, ಮಧ್ಯ ಏನೂ ಅಡ್ಡ ಇರ್ಬಾರ್ದು. ಆಗ ಒಂದರ ಮಾತು ಇನ್ನೊಂದಕ್ಕೆ ತಲುಪುತ್ತೆ," ಎಂದು ಹೆಂಡತಿಗೆ ವಿವರಿಸಿದೆ.

"ಅದು ನಂಗೆ ಮೊದಲೇ ಗೊತ್ತು. ಮೂವತ್ತು ವರ್ಷದಿಂದ ಮಧ್ಯ ನಿಮ್ಮ ಪೇಪರ್ ಅಡ್ಡ ಇದೆ," ಎಂದಳು.

ಪ್ರತಿಷ್ಠಾಪನೆಯ ದಿನ ನಾನು ತಾರಸಿಯಲ್ಲಿ, ಅತ್ತಿಗೆ ಕಿಟಕಿಯಲ್ಲಿ. "ಸ್ವಲ್ಪ ಎಡಕ್ಕೆ, ಅತ್ತಿಗೆ," ಎಂದು ಕೂಗಿದೆ. "ನಿನ್ನ ಎಡಕ್ಕಾ, ನನ್ನ ಎಡಕ್ಕಾ?" ಎಂದು ಅವರು ಕೂಗಿದರು. ಇದು ಇತ್ಯರ್ಥವಾಗುವುದರೊಳಗೆ ಕೆಳಗೆ ರಸ್ತೆಯಲ್ಲಿ ನಿಂತಿದ್ದ ಡ್ರಿಲ್ ಮೇಷ್ಟ್ರು ಅಧಿಕಾರ ವಹಿಸಿಕೊಂಡು, "ಎಡಕ್ಕೆ ತಿರುಗ್" ಎಂದು ಗರ್ಜಿಸಿದರು. ಬೆಚ್ಚಿಬಿದ್ದ ಅತ್ತಿಗೆ ಡಿಶ್ ಬಿಟ್ಟು ತಾವೇ ತಿರುಗಿದರು. ಇತ್ತ ನಮ್ಮ ತಾರಸಿಯಲ್ಲಿ ಇನ್ನೊಂದು ರಾದ್ಧಾಂತ.

"ಈ ಬೆಡ್‌ಶೀಟ್ ತೆಗಿಯೇ, ಅಡ್ಡ ಬರ್ತಿದೆ."

"ರಸ್ತೆ ದಾಟೋ ಸಿಗ್ನಲ್ಲಿಗೆ ಒಂದು ಒದ್ದೆ ಬಟ್ಟೆ ದಾಟೋ ಯೋಗ್ಯತೆ ಇಲ್ವಾ?" ಎನ್ನುತ್ತಲೇ ತೆಗೆದಳು. ಡಿಶ್ಶಿನ ಮೇಲೆ ಹಸಿರು ದೀಪ ಹತ್ತಿತು. ಅತ್ತಿಗೆ ತಮ್ಮದೇ ಕೋಣೆಯಲ್ಲಿ ಕೂತು ಮಗಳ ಮುಖ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು ನನಗೆ ಸೆಲ್ಯೂಟ್ ಹೊಡೆದರು. ನಾನು ಒಬ್ಬ ವಿಜ್ಞಾನಿಯ ನಡಿಗೆಯಲ್ಲಿ ಮೆಟ್ಟಿಲಿಳಿದೆ.

ಅಂದು ಸಂಜೆ ಯಾರೂ ಬರಲಿಲ್ಲ. ಏನು ಸುಖ ಅಂತೀರಿ. ಪತ್ರಿಕೆಯಲ್ಲಿ ಟೆಂಡರ್ ಪ್ರಕಟಣೆಗಳನ್ನೂ ಬಿಡದೆ ಓದಿದೆ. ಮಾರನೆಯ ಸಂಜೆಯೂ ಹಾಗೆಯೇ. ಆಮೇಲಾಮೇಲೆ ಗಡಿಯಾರದ ಸದ್ದು ಕೇಳಿಸತೊಡಗಿತು. ಹೆಂಡತಿಯೂ ಐದಕ್ಕೆ ಸರಿಯಾಗಿ "ತರಕಾರಿ ತರ್ತೀನಿ" ಎಂದು ಚೀಲ ಹಿಡಿದು ಹೊರಟುಬಿಡುತ್ತಿದ್ದಳು. ನಾನು ತಾರಸಿ ಹತ್ತಿ, ಹಸಿರು ದೀಪ ಉರಿಯುತ್ತಿದೆಯೇ ಎಂದು ನೋಡಿ ಇಳಿಯುತ್ತಿದ್ದೆ. ಹಾಗೆ ಇಳಿಯುವಾಗಲೇ ಒಂದು ಸಂಜೆ ಅಪ್ಪನ ನೆನಪಾಯಿತು.

ನಾನು ಹುಡುಗನಾಗಿದ್ದಾಗ ಇಡೀ ಬೀದಿಗೆ ನಮ್ಮ ಮನೆಯಲ್ಲೊಂದೇ ಟೆಲಿಫೋನ್ ಇತ್ತು. ಕಪ್ಪಗಿನದು, ಎತ್ತಿದರೆ ಕೈ ಸೋಲುವಷ್ಟು ಭಾರ. ಯಾರಿಗೆ ಕರೆ ಬಂದರೂ ಓಡಿಹೋಗಿ ಕರೆತರುವ ಕೆಲಸ ನನ್ನದು. ಅರ್ಧ ಗಡ್ಡ ಹೆರೆದವರು ಸೋಪಿನ ನೊರೆಯಲ್ಲೇ ಬರುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದವರು ಒದ್ದೆ ಕೈಯಲ್ಲೇ ಬರುತ್ತಿದ್ದರು. ಮಗ ಹುಟ್ಟಿದ ಸುದ್ದಿ ಕೇಳಿದ ಬಡಗಿಯೊಬ್ಬ ಅಪ್ಪನನ್ನೇ ತಬ್ಬಿಕೊಂಡಿದ್ದ. ಕೆಟ್ಟ ಸುದ್ದಿ ಕೇಳಿ ಕುಸಿದವರ ಪಕ್ಕ ಅಮ್ಮ ಎಷ್ಟೋ ಹೊತ್ತು ಸುಮ್ಮನೆ ಕೂತಿರುತ್ತಿದ್ದಳು. "ಇದೇನು ಮನೆಯೋ, ಬಸ್ ನಿಲ್ದಾಣವೋ?" ಎಂದು ಅಪ್ಪ ಗೊಣಗದ ದಿನವಿರಲಿಲ್ಲ. ಕೊನೆಗೆ ಎಲ್ಲರ ಮನೆಗೂ ಫೋನ್ ಬಂತು. ಆಮೇಲೆ ಅಪ್ಪ ಸಂಜೆ ಹೊತ್ತು ರಿಸೀವರ್ ಎತ್ತಿ, ಕಿವಿಗಿಟ್ಟು, ಗುಂಯ್ ಎನ್ನುವ ಸದ್ದು ಕೇಳಿ ಮತ್ತೆ ಇಡುತ್ತಿದ್ದ. "ಕೆಟ್ಟಿದೆಯೇನೋ ಅಂತ ನೋಡ್ದೆ," ಎನ್ನುತ್ತಿದ್ದ. ನಾವೆಲ್ಲ ನಗುತ್ತಿದ್ದೆವು.

ಅರ್ಧ ಇಳಿದಿದ್ದ ತಾರಸಿಯ ಮೆಟ್ಟಿಲನ್ನು ವಾಪಸು ಹತ್ತಿದೆ. ಡಿಶ್ಶನ್ನು ಒಂದು ಗೇಣು ಪಕ್ಕಕ್ಕೆ ತಿರುಗಿಸಿದೆ. ದೀಪ ಆರಿತು. ಕೆಳಗೆ ಬಂದು ಬಿಸ್ಕತ್ತು ಜೋಡಿಸಿಟ್ಟು, ಈಗ ಬರುತ್ತಾರೆ, ಇನ್ನೇನು ಬಂದರು ಎಂದು ಕಾದೆ. ಅತ್ತಿಗೆಯ ಫೋನ್ ಬಂತು.

"ಏನಪ್ಪಾ, ಇಲ್ಲಿ ಹೋಗ್ಬಿಡ್ತು. ಬಂದು ನೋಡು."

"ಅದು ಬೇಗ ಸರಿಯಾಗಲ್ಲ ಅತ್ತಿಗೆ. ನೀವೇ ಇಲ್ಲಿಗೆ ಬಂದ್ಬಿಡಿ."

"ಇಷ್ಟು ಜನ ಎದ್ದು ಬರೋದಕ್ಕಿಂತ ನೀನೊಬ್ಬ ಬರೋದು ಸುಲಭ ಅಲ್ವಾ?"

ಇಷ್ಟು ಜನವೇ? ಹೋಗಿ ನೋಡಿದರೆ ಅತ್ತಿಗೆಯ ಕೋಣೆ ತುಂಬಿತ್ತು. ಡಿಶ್ ಇರುವುದು ಅವರ ಕಿಟಕಿಯಲ್ಲಾದ್ದರಿಂದ ಸಿಗ್ನಲ್ ಅಲ್ಲೇ ಜೋರು. ಮೇಷ್ಟ್ರು, ಟೈಲರಮ್ಮ ಎಲ್ಲ ಅಲ್ಲೇ ಠಿಕಾಣಿ ಹೂಡಿದ್ದರು. ಅವರ ನಡುವೆ ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ನನ್ನ ಹೆಂಡತಿ.

"ತರಕಾರಿ?" ಎಂದೆ.

"ಯಾವುದೂ ಚೆನ್ನಾಗಿರ್ಲಿಲ್ಲ," ಎಂದಳು ಕಣ್ಣು ಮಿಟುಕಿಸದೆ.

ನಾನು ಡಿಶ್ಶಿನ ನಾಡಿ ಹಿಡಿದು, "ವಾಯುಮಂಡಲದ ಒತ್ತಡ" ಎಂದು ಘೋಷಿಸಿದೆ. ಟೀ ಬಂತು. ಸಿಗ್ನಲ್ ಇಲ್ಲದ್ದರಿಂದ ಎಲ್ಲರ ಮೊಬೈಲುಗಳೂ ಮಡಿಲಲ್ಲಿ ಮಲಗಿದ್ದವು. ಮಾತಿಗೆ ಮಾತು ಬೆಳೆದು ಎರಡು ತಾಸು ಕಳೆದದ್ದೇ ತಿಳಿಯಲಿಲ್ಲ. ಬಹಳ ದಿನಗಳ ಮೇಲೆ ನಾನು ಹೊಟ್ಟೆ ತುಂಬ ನಕ್ಕೆ. ಮನೆಗೆ ಬಂದು ಡಿಶ್ ನೆಟ್ಟಗೆ ಮಾಡಿದೆ. ಅಂದಿನಿಂದ ನಮ್ಮ ನೆಟ್‌ವರ್ಕಿಗೆ ದಿನಾ ಐದಕ್ಕೆ ಕಾಯಿಲೆ ಶುರುವಾಯಿತು. ಒಂದು ದಿನ ಮಂಜು, ಒಂದು ದಿನ ತೇವಾಂಶ, ಒಂದು ದಿನ ಪಕ್ಷಿಸಂಚಾರ. ಕಾರಣಗಳು ಮುಗಿಯುತ್ತ ಬಂದಾಗ ಮಾತ್ರ ನನ್ನ ಮನಸ್ಸಾಕ್ಷಿ ಚುಚ್ಚಿತು.

"ಪಾಪ, ನಿಮಗೆ ಮಗಳ ಹತ್ರ ಮಾತಾಡೋಕೆ ಆಗ್ತಿಲ್ಲ, ಅಲ್ವಾ ಅತ್ತಿಗೆ?" ಎಂದೆ.

"ಅಯ್ಯೋ, ನಾನು ಬೆಳಿಗ್ಗೇನೇ ಮಾತಾಡಿ ಮುಗಿಸ್ಬಿಡ್ತೀನಪ್ಪ. ಐದಕ್ಕೆ ನೀನು ಅದನ್ನ ತಿರುಗಿಸ್ತೀಯಲ್ಲ," ಎಂದರು ಅತ್ತಿಗೆ, ಟೀ ಸೋಸುತ್ತ.

ಮೇಷ್ಟ್ರು ಕಿಟಕಿಯತ್ತ ಗದ್ದ ಎತ್ತಿ ತೋರಿಸಿದರು. ಕಣ್ಣೆದುರಿಗೆ ನೇರವಾಗಿ, ನಡುವೆ ಒಂದು ಬೆಡ್‌ಶೀಟೂ ಇಲ್ಲದೆ, ನಮ್ಮ ತಾರಸಿ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

"ಅದು... ಗಾಳಿಗೆ ತಿರುಗಿರಬಹುದು," ಎಂದೆ.

"ಗಾಳಿ ಬನಿಯನ್ ಹಾಕ್ಕೊಂಡು ಬರುತ್ತಾ ಸ್ವಾಮಿ?" ಎಂದರು ಮೇಷ್ಟ್ರು.

ಟೈಲರಮ್ಮ ನಗು ತಡೆಯಲಾರದೆ ಗೋಡೆಗೆ ತಿರುಗಿದರು. ನಾನು ಟೀ ಲೋಟದೊಳಗೆ ಮುಖ ಮುಚ್ಚಿಕೊಳ್ಳಲು ನೋಡಿದೆ. ಹೆಂಡತಿ ಚೀಲ ಮಡಚಿ ನನ್ನ ಕೈಗೆ ಕೊಟ್ಟಳು.

"ನಾಳೆಯಿಂದ ಅದನ್ನ ಮುಟ್ಟೋಕೆ ಹೋಗ್ಬೇಡಿ, ಸುಮ್ನೆ ನನ್ನ ಜೊತೇಲೇ ಬಂದ್ಬಿಡಿ. ದಿನಾ ತರಕಾರಿ ಸುಳ್ಳು ಹೇಳಿ ನಂಗೂ ಸಾಕಾಗಿದೆ."