ಮುಂದಿನ ಆದೇಶದವರೆಗೆ ಲಿನಕ್ಸ್

ಕೆಟ್ಟಿದೆಯೆಂದು ಇತ್ಯರ್ಥವಾಗದ ಯಾವುದೇ ವಸ್ತುವನ್ನು ಮನೆಯಿಂದ ಹೊರಹಾಕುವಂತಿಲ್ಲ. ಇದು ಆ ಮನೆಯ ನಾಲ್ಕನೆಯ ನಿಯಮ. ಮೊದಲ ಮೂರು ನಿಯಮಗಳು ಏನೆಂದು ಯಾರಿಗೂ ನೆನಪಿಲ್ಲ. ರದ್ದುಪಡಿಸಿಲ್ಲವಾದ್ದರಿಂದ ಅವೂ ಜಾರಿಯಲ್ಲಿವೆ.

ನಿಯಮ ಮಾಡಿದವರು ಮನೆಯ ಯಜಮಾನರು. ಮೂವತ್ತನಾಲ್ಕು ವರ್ಷ ಒಂದೇ ಕಚೇರಿಯಲ್ಲಿ ದುಡಿದು ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು. ಆ ಅವಧಿಯಲ್ಲಿ ಅವರು ಒಂದೇ ಒಂದು ತೀರ್ಮಾನವನ್ನೂ ತೆಗೆದುಕೊಳ್ಳಲಿಲ್ಲ. ಆದ್ದರಿಂದ ಅವರ ಒಂದೇ ಒಂದು ತೀರ್ಮಾನವೂ ತಪ್ಪಾಗಲಿಲ್ಲ. ಅವರ ಕೈಗೆ ಬಂದ ಕಡತ ‘ಆದೇಶಕ್ಕಾಗಿ ಮಂಡಿಸಿದೆ’ ಎಂಬ ಷರಾ ಹೊತ್ತು ಮೇಲಕ್ಕೆ ಹೋಗುತ್ತಿತ್ತು, ‘ಚರ್ಚಿಸಿ’ ಎಂಬ ಷರಾ ಹೊತ್ತು ಕೆಳಕ್ಕೆ ಬರುತ್ತಿತ್ತು. ಸಹೋದ್ಯೋಗಿಗಳು ಅವರನ್ನು ‘ಮಂಡಿಸಿದೆ ಸಾಹೇಬರು’ ಎನ್ನುತ್ತಿದ್ದರು. ಅದನ್ನು ಅವರು ಬಿರುದೆಂದೇ ತಿಳಿದಿದ್ದರು.

ಇನ್ನು ವಸ್ತು. ನಡುಮನೆಯ ಕಿಟಕಿ ಪಕ್ಕದ ಮೂಲೆಯಲ್ಲಿ, ಇಡೀ ಮನೆಗೆ ಒಳ್ಳೆಯ ಬೆಳಕು ಬೀಳುವ ಒಂದೇ ಜಾಗದಲ್ಲಿ, ಹದಿನಾಲ್ಕು ವರ್ಷ ಹಳೆಯ ಕಂಪ್ಯೂಟರ್ ಒಂದು ಕೂತಿತ್ತು. ಕೊನೆಯ ಸಲ ಆನ್ ಮಾಡಿದಾಗ ಅದು ತೆರೆದುಕೊಳ್ಳುವಷ್ಟರಲ್ಲಿ ಸಾಹೇಬರು ಸ್ನಾನ ಮುಗಿಸಿ, ಪೇಪರ್ ಓದಿ, ಯಾಕೆ ಆನ್ ಮಾಡಿದೆನೆಂಬುದನ್ನೇ ಮರೆತಿದ್ದರು. ಅದು ಆರು ವರ್ಷದ ಹಿಂದಿನ ಮಾತು. ಅಂದಿನಿಂದ ಅದಕ್ಕೆ ಹೂವಿನ ಬಟ್ಟೆಯ ಮುಸುಕು ಹೊದಿಸಲಾಗಿತ್ತು. ಮುಸುಕು ಹೊಲಿದವರು ಅವರ ಹೆಂಡತಿ. ಮುಂದಿನ ತೊಂದರೆಗೆಲ್ಲ ಮೂಲ, ಆ ಹೊಲಿಗೆ ಚೆನ್ನಾಗಿದ್ದದ್ದು.

ಪಕ್ಕದ ಬೀದಿಯ ಹಲ್ಲಿನ ಡಾಕ್ಟರಮ್ಮ ಒಮ್ಮೆ ಮನೆಗೆ ಬಂದವರು ಮುಸುಕಿನ ನೆರಿಗೆ ಮುಟ್ಟಿ ನೋಡಿದರು. ತಮ್ಮ ಹೊಸ ಕ್ಲಿನಿಕ್ಕಿಗೆ ಇಪ್ಪತ್ತೆರಡು ಪರದೆ ಹೊಲಿದುಕೊಡಲು ಹೇಳಿದರು. ಒಂದು ತಿಂಗಳ ಗಡುವು. ಬಟ್ಟೆ ಕಡುನೀಲಿ, ದಾರವೂ ಕಡುನೀಲಿ. ಹೊಲಿಗೆ ಯಂತ್ರ ಇದ್ದದ್ದು ಊಟದ ಮೇಜಿನ ಮೇಲೆ. ಅಲ್ಲಿನ ಟ್ಯೂಬ್‌ಲೈಟಿನಲ್ಲಿ ಬಟ್ಟೆ ಯಾವುದು, ದಾರ ಯಾವುದು ತಿಳಿಯುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಯಂತ್ರ ಎತ್ತಿಟ್ಟು ತಟ್ಟೆ ಹಾಕಬೇಕು. ಆರನೆಯ ಪರದೆಗೆ ಎಣ್ಣೆಯ ಕಲೆ ಬಿದ್ದ ದಿನ ಆಕೆ ಸೂಜಿ ಕೆಳಗಿಟ್ಟರು.

“ರೀ, ಆ ಮೂಲೆ ನನಗೆ ಬೇಕು.”

“ಅಲ್ಲಿ ಕಂಪ್ಯೂಟರಿದೆಯಲ್ಲೇ.”

“ಅದು ಸತ್ತು ಆರು ವರ್ಷ ಆಯ್ತು.”

“ಸತ್ತಿದೆ ಅಂತ ಯಾರು ಹೇಳಿದ್ದು? ಪತ್ರ ಇದೆಯಾ?”

“ನೀವು ಬದುಕಿದೀರಿ ಅಂತ ವರ್ಷಾವರ್ಷ ಪಿಂಚಣಿ ಆಫೀಸಿಗೆ ಪತ್ರ ಕೊಡ್ತೀರಲ್ಲ, ಅದರ ಕೈಲೂ ಒಂದು ಕೊಡಿಸಿ. ಭಾನುವಾರದೊಳಗೆ. ಇಲ್ಲದಿದ್ರೆ ಗುಜರಿಯವನಿಗೆ.”

ಸಾಹೇಬರು ಅಂದೇ ಕಡತ ತೆರೆದರು. ವಿಷಯ: ಮೂಲೆಯಲ್ಲಿರುವ ಗಣಕಯಂತ್ರದ ಜೀವಂತಿಕೆಯನ್ನು ಪರಿಶೀಲಿಸುವ ಬಗ್ಗೆ. ಮೊದಲ ಪುಟದಲ್ಲಿ ಮೇಲ್ಕಾಣಿಸಿದ ಸಂಭಾಷಣೆಯನ್ನು ಉಲ್ಲೇಖಿಸಿ, ತಜ್ಞರ ಅಭಿಪ್ರಾಯ ಪಡೆಯಬಹುದೆಂದು ಟಿಪ್ಪಣಿ ಬರೆದರು. ತಜ್ಞ ಎಂದರೆ ಹೆಂಡತಿಯ ತಮ್ಮ, ಕಾಲೇಜೊಂದರ ಲೈಬ್ರರಿಯನ್. ಅವನು ಬಂದು ಮುಸುಕೆತ್ತಿ, ಡಬ್ಬದ ಬೆನ್ನು ತಟ್ಟಿದ.

“ಭಾವ, ಗಟ್ಟಿಮುಟ್ಟಾಗೇ ಇದೆ. ಒಳಗಿರೋ ಸಿಸ್ಟಮ್ಮು ಇದರ ಕೈಗೆ ಭಾರ ಆಗಿದೆ, ಅಷ್ಟೆ. ಲಿನಕ್ಸ್ ಅಂತ ಹಗುರವಾದ ಸಿಸ್ಟಮ್ಮಿದೆ, ಅದನ್ನ ಹಾಕಿ, ಎದ್ದು ಓಡಾಡುತ್ತೆ. ನಮ್ಮ ಲೈಬ್ರರೀಲಿ ಇದಕ್ಕಿಂತ ಮುದಿಯಾದವು ಅದರಲ್ಲೇ ನಡೀತಿವೆ.”

“ಎಷ್ಟಾಗುತ್ತಪ್ಪ?”

“ಪುಕ್ಕಟೆ.”

ಸಾಹೇಬರು ಕನ್ನಡಕ ತೆಗೆದರು. “ಮಾಡಿದ್ದು ಯಾರು?”

“ಲೋಕದಲ್ಲಿ ಎಲ್ಲೆಲ್ಲೋ ಇರೋ ಸಾವಿರಾರು ಜನ. ಅವರವರ ಮನೇಲಿ ಕೂತು.”

“ಸಾವಿರಾರು ಜನ ಸೇರಿ ಮಾಡಿದ್ದು ಕೆಲಸ ಮಾಡುತ್ತಾ?”

ಅವರ ಅನುಮಾನಕ್ಕೆ ಆಧಾರವಿತ್ತು. ಅವರ ಕಚೇರಿಯಲ್ಲಿ ಒಂದು ಬೀರು ಕೊಳ್ಳಲು ಐದು ಜನರ ಸಮಿತಿ ನೇಮಿಸಲಾಗಿತ್ತು. ಅದು ಏಳು ವರ್ಷ ಸಭೆ ಸೇರಿತು. ಕೊನೆಗೆ ಬೀರು ಬಂದಾಗ ಸಮಿತಿಯ ಕಡತಗಳೇ ಅದರಲ್ಲಿ ಹಿಡಿಸದೆ, ಎರಡನೆಯ ಬೀರಿಗಾಗಿ ಎರಡನೆಯ ಸಮಿತಿ ನೇಮಿಸಬೇಕಾಯಿತು.

“ಕೆಟ್ಟರೆ ಜವಾಬ್ದಾರಿ ಯಾರದು?” ಎಂದರು ಸಾಹೇಬರು.

“ಯಾರದೂ ಅಲ್ಲ. ಹಾಗಂತ ಅದರಲ್ಲೇ ಬರೆದುಬಿಟ್ಟಿದಾರೆ.”

ಇಷ್ಟು ಪ್ರಾಮಾಣಿಕವಾದ ವ್ಯವಸ್ಥೆಯ ಬಗ್ಗೆ ಸಾಹೇಬರು ಹಿಂದೆಂದೂ ಕೇಳಿರಲಿಲ್ಲ. ತಾತ್ವಿಕವಾಗಿ ಒಪ್ಪಿದರು.

ಶನಿವಾರ ಬೆಳಿಗ್ಗೆ ಭಾವಮೈದುನ ಹೆಬ್ಬೆರಳುದ್ದದ ಪೆನ್‌ಡ್ರೈವ್ ತಂದು ಸಿಕ್ಕಿಸಿದ. ಫ್ಯಾನು ಕೆಮ್ಮಿ, ಆರು ವರ್ಷದ ಧೂಳು ಉಗುಳಿತು. ಕಂಪ್ಯೂಟರಿನ ಪರದೆಯ ಮೇಲೆ ಎರಡು ಗುಂಡಿಗಳು ಮೂಡಿದವು. ಒಂದು: ಸ್ಥಾಪಿಸದೆ ಪ್ರಯತ್ನಿಸಿ ನೋಡಿ. ಇನ್ನೊಂದು: ಸ್ಥಾಪಿಸಿ.

“ಮೊದಲನೇದು ಒತ್ತಿ ಭಾವ. ಎಲ್ಲ ಪೆನ್‌ಡ್ರೈವಿನಿಂದಲೇ ನಡೆಯುತ್ತೆ. ನಿಮ್ಮ ಡಿಸ್ಕಿನಲ್ಲಿರೋದು ಕೂದಲೂ ಕೊಂಕಲ್ಲ.”

ಎರಡು ನಿಮಿಷದಲ್ಲಿ ಯಂತ್ರ ಎದ್ದು ಕೂತಿತು. ಯಾವ ಭಾಷೆ ಬೇಕೆಂದು ಕೇಳಿತು. ಯಾವ ಕೀಲಿಮಣೆ, ಯಾವ ಊರಿನ ಗಡಿಯಾರ ಎಂದು ವಿಚಾರಿಸಿತು. ಹಿನ್ನೆಲೆಗೆ ಬೆಟ್ಟ ಬೇಕೋ, ಸಮುದ್ರ ಬೇಕೋ ಎಂದು ಚಿತ್ರಗಳನ್ನು ಮುಂದಿಟ್ಟಿತು. ನಿವೃತ್ತರಾದ ಮೇಲೆ ಸಾಹೇಬರನ್ನು ಯಾರೂ ಇಷ್ಟೊಂದು ವಿಷಯ ಕೇಳಿರಲಿಲ್ಲ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಒಂದೊಂದಕ್ಕೂ ಉತ್ತರ ಕೊಟ್ಟರು.

ಅಡುಗೆಮನೆಯ ಬಾಗಿಲಿಂದ ಹೆಂಡತಿ ಇಣುಕಿದರು. “ಎದ್ದುಬಿಡ್ತಾ?”

“ಎದ್ದಿತು.”

“ಥೂ ನಿನ್ನ,” ಎಂದರು ಆಕೆ. ಹೇಳಿದ್ದು ತಮ್ಮನಿಗೆ.

ಭಾನುವಾರ ಗೋಣಿಚೀಲ ಹಿಡಿದು ಬಂದ ಗುಜರಿಯವನಿಗೆ ಸಾಹೇಬರು ವಿಷಯ ಪರಿಶೀಲನೆಯಲ್ಲಿದೆ ಎಂದು ತಿಳಿಸಿದರು. ಆತ ಹಿಂದೊಮ್ಮೆ ಅವರ ಕಚೇರಿಗೆ ಅರ್ಜಿ ಕೊಟ್ಟಿದ್ದವನು. “ಹಾಗಾದ್ರೆ ನನ್ನ ಮೊಮ್ಮಗನ್ನ ಕಳಿಸ್ತೀನಿ ಬಿಡಿ,” ಎಂದು ಹೊರಟುಹೋದ.

ಸೋಮವಾರ ಯಂತ್ರ ಆನ್ ಮಾಡಿದಾಗ ಅದಕ್ಕೆ ಸಾಹೇಬರ ಗುರುತೇ ಇರಲಿಲ್ಲ. ಬೆಟ್ಟ ಹೋಗಿತ್ತು, ಬರೆದಿಟ್ಟ ಟಿಪ್ಪಣಿ ಹೋಗಿತ್ತು, ಗಡಿಯಾರ ಯಾವುದೋ ದೂರದೂರಿನ ಹೊತ್ತು ತೋರಿಸುತ್ತಿತ್ತು. ಭಾಷೆ ಯಾವುದೆಂದು ಮತ್ತೆ ಕೇಳಿತು. ಸಾಹೇಬರು ಭಾವಮೈದುನನಿಗೆ ಫೋನ್ ಮಾಡಿದರು.

“ಅದು ಹಾಗೇ ಭಾವ. ಟ್ರೈ ಮಾಡೋವಾಗ ಏನೂ ನೆನಪಿಟ್ಕೊಳ್ಳಲ್ಲ. ಎರಡನೇ ಗುಂಡಿ ಒತ್ತಿ. ಅರ್ಧ ಗಂಟೆ ಕೆಲಸ.”

ಒತ್ತಿದರು. ಯಂತ್ರ ಹೀಗೆಂದಿತು: ಈ ಡಿಸ್ಕಿನಲ್ಲಿರುವುದೆಲ್ಲವೂ ಅಳಿಸಿಹೋಗುತ್ತದೆ. ಮುಂದುವರಿಯಬೇಕೆ?

ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಮಂಡಿಸೋಣವೆಂದರೆ ಮನೆಯಲ್ಲಿ ಅವರಿಗಿಂತ ಮೇಲಿನ ಅಧಿಕಾರಿಯಿರಲಿಲ್ಲ. ಡಿಸ್ಕಿನಲ್ಲಿ ಏನಿದೆಯೆಂದು ನೋಡಿ ಪಟ್ಟಿ ಮಾಡಿದರು: ನಲ್ಲಿ ಸೋರುವ ಬಗ್ಗೆ ಬರೆದ ದೂರಿನ ಹನ್ನೊಂದು ಪ್ರತಿ, ಮಂಜೂರಾದ ರಜೆಯ ಅರ್ಜಿಗಳು, ಯಾರ ಮನೆಯದೆಂದು ಗೊತ್ತಾಗದ ಒಂದು ಮಗುವಿನ ಫೋಟೊ.

“ಅಳಿಸಿಹಾಕಿ ಅತ್ಲಾಗೆ,” ಎಂದರು ಹೆಂಡತಿ. “ಇಲ್ಲಾ ಹಾಕೋಲ್ಲ ಅನ್ನಿ. ಎರಡರಲ್ಲಿ ಒಂದು ಹೇಳಿ. ಇನ್ನು ಹದಿನೈದು ಪರದೆ ಇವೆ, ಹತ್ತು ದಿನ ಇದೆ.”

“ನೀನು ಈ ವಿಷಯದಲ್ಲಿ ಹಿತಾಸಕ್ತಿ ಉಳ್ಳವಳು. ನಿನ್ನ ಅಭಿಪ್ರಾಯ ಪರಿಗಣಿಸೋ ಹಾಗಿಲ್ಲ.”

ಸಾಹೇಬರು ‘ಹಿಂದಕ್ಕೆ’ ಗುಂಡಿ ಒತ್ತಿ, ಮೊದಲನೆಯದಕ್ಕೇ ಮರಳಿದರು. ಅಂದು ಸಂಜೆ ಫ್ರಿಜ್ಜಿನ ಬಾಗಿಲಿಗೆ ಸುತ್ತೋಲೆ ಅಂಟಿತು:

‘ಮೂಲೆಯಲ್ಲಿರುವ ಗಣಕಯಂತ್ರದಲ್ಲಿ ಲಿನಕ್ಸನ್ನು ಪ್ರಯತ್ನಿಸಿ ನೋಡಲಾಗುತ್ತಿದ್ದು, ಸದರಿ ವ್ಯವಸ್ಥೆಯು ಮುಂದಿನ ಆದೇಶದವರೆಗೆ ತಾತ್ಕಾಲಿಕವಾಗಿರುತ್ತದೆ. ಆಕ್ಷೇಪಣೆಗಳನ್ನು ಅಂತಿಮ ತೀರ್ಮಾನದ ವಿರುದ್ಧ ಮಾತ್ರ ಸಲ್ಲಿಸತಕ್ಕದ್ದು. ಪ್ರಯತ್ನಿಸಿ ನೋಡಲಾಗುತ್ತಿರುವ ಯಾವುದೇ ವಸ್ತುವನ್ನು ಇದ್ದ ಜಾಗದಿಂದ ತೆರವುಗೊಳಿಸಲು ಯಾರಿಗೂ ಅಧಿಕಾರವಿರುವುದಿಲ್ಲ.’

ಇದು ಐದನೆಯ ನಿಯಮವಾಯಿತು. ಹೆಂಡತಿ ಅದನ್ನು ಹಾಲು ತೆಗೆಯುವಾಗೊಮ್ಮೆ, ಹಾಲು ಇಡುವಾಗೊಮ್ಮೆ ಓದಿದರು.

ಸಾಹೇಬರ ದಿನಚರಿಗೆ ಒಂದು ಶಿಸ್ತು ಬಂತು. ಹತ್ತು ಗಂಟೆಗೆ ಯಂತ್ರದ ಮುಂದೆ ಕೂರುವುದು. ಭಾಷೆ ಹೇಳುವುದು, ಗಡಿಯಾರ ತಿದ್ದುವುದು, ವೈಫೈ ಗುಪ್ತಪದ ಹಾಕುವುದು, ಬೆಟ್ಟ ಆರಿಸುವುದು. ಐದಕ್ಕೆ ಮುಚ್ಚುವುದು. ಮಾರನೆಯ ದಿನ ಹಿಂದಿನ ದಿನದ ಯಾವ ತಪ್ಪೂ ಉಳಿದಿರುತ್ತಿರಲಿಲ್ಲ. ಇಂಥ ಕಚೇರಿ ತಮಗೆ ಮೊದಲೇ ಸಿಕ್ಕಿದ್ದರೆ ಇನ್ನೂ ಎತ್ತರಕ್ಕೆ ಹೋಗುತ್ತಿದ್ದೆನೆಂದು ಅವರಿಗೆ ಅನ್ನಿಸುತ್ತಿತ್ತು.

ಗುರುವಾರ ಅವರು ತಾವು ಬದುಕಿರುವ ಪತ್ರ ಸಲ್ಲಿಸಲು ಪಿಂಚಣಿ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತ ಅವರನ್ನು ಮೇಲಿಂದ ಕೆಳಗೆ ನೋಡಿ, ಸದ್ಯಕ್ಕೆ ಒಪ್ಪಿಕೊಂಡ. ಮನೆಗೆ ಬಂದಾಗ ನಡುಮನೆಯಿಂದ ಟರ್ರ್ ಎಂಬ ಸದ್ದು ಕೇಳಿತು. ಕಿಟಕಿ ಪಕ್ಕದ ಮೂಲೆಯಲ್ಲಿ, ಕಂಪ್ಯೂಟರಿನ ಮೇಜಿನ ಮೇಲೆ, ಹೊಲಿಗೆ ಯಂತ್ರವಿತ್ತು. ಮಡಿಲ ತುಂಬ ನೀಲಿ ಬಟ್ಟೆ, ಬಟ್ಟೆಯ ತುಂಬ ಬಿಸಿಲು. ಕಂಪ್ಯೂಟರ್, ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಉದ್ದನೆಯ ವೈರಿನ ತುದಿಯಲ್ಲಿ ಕೂತಿತ್ತು.

“ಇದೇನೇ ಇದು!”

“ಇನ್‌ಸ್ಟಾಲ್ ಮಾಡಿಲ್ಲ ರೀ,” ಎಂದರು ಹೆಂಡತಿ, ಸೂಜಿಯಿಂದ ಕಣ್ಣೆತ್ತದೆ. “ಇಟ್ಟು ನೋಡ್ತಿದೀನಿ.”

“ಐದನೇ ನಿಯಮ ಇದೆ. ಕಂಪ್ಯೂಟರನ್ನ ತೆಗೆಯೋ ಹಾಗಿಲ್ಲ.”

“ತೆಗೆದಿಲ್ಲ. ಅದು ಸ್ಟ್ಯಾಂಡಿನ ಮೇಲೆ ಹೇಗೆ ನಡೆಯುತ್ತೆ ಅಂತ ಪ್ರಯತ್ನಿಸಿ ನೋಡ್ತಿದೀವಿ. ನಿಮ್ಮ ಡಿಸ್ಕಿನಲ್ಲಿರೋದು ಕೂದಲೂ ಕೊಂಕಿಲ್ಲ.”

“ಹೊಲಿಗೆ ಮಷಿನ್ನು ಎಲ್ಲೀವರೆಗೆ ಇಲ್ಲಿರುತ್ತೆ?”

“ಮುಂದಿನ ಆದೇಶದವರೆಗೆ.”

“ಇದಕ್ಕೆ ನನ್ನ ಆಕ್ಷೇಪಣೆ ಇದೆ.”

“ಕೊಡಿ, ಕೊಡಿ. ಅಂತಿಮ ತೀರ್ಮಾನ ಆದ ಮೇಲೆ.”

ಸಾಹೇಬರು ಫ್ರಿಜ್ಜಿನ ಬಳಿ ಹೋಗಿ ಸುತ್ತೋಲೆಯನ್ನು ಎರಡು ಸಲ ಓದಿದರು. ಕರಡು ಚೆನ್ನಾಗಿತ್ತು. ಎಲ್ಲಿಯೂ ಒಂದು ಸಂದು ಬಿಟ್ಟಿರಲಿಲ್ಲ: ಇಟ್ಟು ನೋಡಲಾಗುತ್ತಿರುವ ಹೊಲಿಗೆ ಯಂತ್ರವನ್ನು ತೆರವುಗೊಳಿಸಲು ಅವರಿಗೂ ಅಧಿಕಾರವಿರಲಿಲ್ಲ. ತಮ್ಮ ಬರವಣಿಗೆಯ ಬಗ್ಗೆ ಅವರಿಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೇ ಆಯಿತು. ಬಾಗಿಲ ಬಳಿ ಬಂದು, ನಿಂತುಕೊಂಡೇ ಯಂತ್ರ ಆನ್ ಮಾಡಿದರು. ಅದು ಯಾವ ಭಾಷೆ ಬೇಕೆಂದು ವಿನಯದಿಂದ ಕೇಳಿತು.

ಇಪ್ಪತ್ತೆರಡು ಪರದೆಗಳು ಗಡುವಿಗೆ ಒಂದು ದಿನ ಮೊದಲೇ ಕ್ಲಿನಿಕ್ಕಿನಲ್ಲಿ ತೂಗಿದವು. ಅವನ್ನು ನೋಡಿದ ಕಣ್ಣಿನ ಡಾಕ್ಟರು ಮೂವತ್ತು ಹೇಳಿದರು. ಹೊಲಿಗೆ ಯಂತ್ರ ಜೋರಾಗಿ ಓಡುವಾಗ ಅಲುಗುತ್ತಿದ್ದುದರಿಂದ ಬಡಗಿಯನ್ನು ಕರೆಸಿ, ನೆಲ ಕೊರೆದು, ನಾಲ್ಕು ಬೋಲ್ಟ್ ಹಾಕಿ ಅದನ್ನು ಮೇಜಿನ ಸಮೇತ ತಾತ್ಕಾಲಿಕವಾಗಿ ಬಿಗಿಸಲಾಗಿದೆ. ಸಾಹೇಬರು ಇದನ್ನು ಕಡತದಲ್ಲಿ ದಾಖಲಿಸಿದ್ದಾರೆ.

ಒಂಬತ್ತು ತಿಂಗಳ ನಂತರ ಭಾವಮೈದುನ ತನ್ನ ಪೆನ್‌ಡ್ರೈವ್ ಕೇಳಿಕೊಂಡು ಬಂದ. ಸಾಹೇಬರು ಬಾಗಿಲಲ್ಲೇ ನಿಂತು ಗಡಿಯಾರ ತಿದ್ದುತ್ತಿದ್ದರು.

“ಅಲ್ಲ ಭಾವ, ಇನ್ನೂ ಟ್ರೈ ಮಾಡ್ತಾನೇ ಇದೀರಾ?”

“ಆತುರದಲ್ಲಿ ಆಗೋ ಕೆಲಸ ಅಲ್ಲಪ್ಪ ಇದು.”

“ಅಕ್ಕ, ಹಾಗಾದ್ರೆ ಇನ್ಮೇಲೆ ಇದು ಇಲ್ಲೇ, ಅದು ಅಲ್ಲೇನಾ?”

“ಛೆ, ಛೆ. ಸದ್ಯಕ್ಕೆ,” ಎಂದರು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ. ಬೇರೆ ಯಾವ ವಿಷಯದಲ್ಲೂ ಅವರು ಅಷ್ಟು ಒಮ್ಮತದಿಂದ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

ಅವನು ಚಪ್ಪಲಿ ಬಿಡಲು ಜಾಗ ಹುಡುಕಿದ. ಸ್ಟ್ಯಾಂಡ್ ಭರ್ತಿಯಾಗಿತ್ತು. ಅದರ ಪಕ್ಕದ ಮೊಳೆಗೆ ಕಂಪ್ಯೂಟರಿನ ಹಳೆಯ ಹೂವಿನ ಮುಸುಕು ತಲೆಕೆಳಗಾಗಿ, ಚೀಲದಂತೆ ತೂಗುತ್ತಿತ್ತು. ಒಳಗೆ ಮನೆಯವರ ಚಪ್ಪಲಿಗಳಿದ್ದವು. ಮೇಲೊಂದು ಚೀಟಿ: ತಾತ್ಕಾಲಿಕ.

ಅವನು ಒಂದು ಕ್ಷಣ ನಿಂತು ನೋಡಿ, ತನ್ನವನ್ನೂ ಅದರೊಳಗೆ ಇಟ್ಟು, ಒಳಗೆ ಹೋದ.