ಭಾನುವಾರದ ಮೇಜು

ಕಲಿಸುವುದಕ್ಕೆ ಏನೂ ಇಲ್ಲದವನ ಕೈಗೆ ಕಲಿಯುವವರನ್ನು ಒಪ್ಪಿಸುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ, ಗೊತ್ತಿದೆ ಎಂದರೆ ಮಾಡಿ ತೋರಿಸಬೇಕಾಗುತ್ತದೆ. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ದಾರಿಯಲ್ಲಿರುವ ಒಂದು ಹೋಬಳಿ ಊರಿನಲ್ಲಿ, ನಾಡಕಚೇರಿಯ ಗುಮಾಸ್ತನಾಗಿ, ರೇಷನ್ ಕಾರ್ಡಿನ ಅರ್ಜಿಗಳನ್ನು ನೋಡಿಕೊಂಡು ನಾನು ಸುಖವಾಗಿದ್ದೆ. ಸುಖ ಎಂದರೆ ಹನ್ನೊಂದಕ್ಕೆ ಕಾಫಿ, ಒಂದೂವರೆಗೆ ಮನೆಯೂಟ, ಭಾನುವಾರ ಕೋಳಿ ಸಾರು, ಕಡುಬು, ಆಮೇಲೆ ಸಂಜೆಯವರೆಗೆ ನಿದ್ದೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಜನವರಿಯ ಒಂದು ಬೆಳಿಗ್ಗೆ ಉಪ ತಹಶೀಲ್ದಾರರು ಕರೆದು, "ಬೆಂಗಳೂರಿನ ಕಾಲೇಜಿಂದ ಒಬ್ಳು ಹುಡುಗಿ ಬರ್ತಾಳೆ, ಎರಡು ತಿಂಗ್ಳು ಇಂಟರ್ನ್‌ಶಿಪ್ಪಂತೆ. ನಿಮ್ ಜೊತೆ ಇಟ್ಕೊಂಡು ಕೆಲಸ ಕಲಿಸಿ" ಎಂದರು. ಅವರ ಮುಖದಲ್ಲಿ ಪೀಡೆ ದಾಟಿಸಿದ ನೆಮ್ಮದಿಯಿತ್ತು.

ಹುಡುಗಿಯ ಹೆಸರು ನಂದಿತಾ, ದಾವಣಗೆರೆಯವಳು. ಸಾರ್ವಜನಿಕ ನೀತಿ ಓದುತ್ತಿದ್ದಾಳಂತೆ. ಅದು ಓದಿ ಕಲಿಯುವ ವಿಷಯವೆಂದು ನನಗೆ ತಿಳಿದಿರಲಿಲ್ಲ. ನಾವು ಸುತ್ತೋಲೆ ಬಂದ ಹಾಗೆ ನಡೆದುಕೊಂಡು ಬಂದವರು. ಸರ್ಕಾರದ ಸವಲತ್ತು ತಲುಪದವರಿಗೆ ಅದು ಯಾಕೆ ತಲುಪುತ್ತಿಲ್ಲ ಎಂದು ನೋಡಿ ಬರೆಯುವುದು ಅವಳ ಕೆಲಸ. ಊರಿನಲ್ಲಿ ಹಾಸ್ಟೆಲಿಲ್ಲವೆಂದು ನಮ್ಮ ಮನೆಯಲ್ಲೇ ಉಳಿದಳು. ನನ್ನ ಹೆಂಡತಿ ಸರೋಜ ಎರಡೇ ದಿನಕ್ಕೆ ಅವಳ ಪಕ್ಷ ಸೇರಿಬಿಟ್ಟಳು. ಹೀಗಾಗಿ ಕಚೇರಿಯಲ್ಲಿ ಒಬ್ಬರು, ಮನೆಯಲ್ಲಿ ಇಬ್ಬರು ನನ್ನನ್ನು ಪ್ರಶ್ನೆ ಕೇಳುವವರಾದರು. "ಈ ಕಾಲಂ ಯಾಕಿದೆ ಸರ್?" ಎಂದು ನಂದಿತಾ ಕೇಳಿದರೆ, "ಮೊದಲಿಂದ ಇದೆಯಮ್ಮ" ಎನ್ನುತ್ತಿದ್ದೆ. ಪುಣ್ಯಾತ್ಗಿತ್ತಿ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು!

ಒಂದು ದಿನ ಅವಳು ಹಳೆಯ ಅರ್ಜಿಗಳ ಕಟ್ಟು ಬಿಚ್ಚಿಕೊಂಡು ಕೂತಳು. ಕಾಫಿ ಎಸ್ಟೇಟುಗಳ ಕೂಲಿ ಲೈನಿನ ಸಾಲುಮನೆಗಳವರ ಅರ್ಜಿಗಳಲ್ಲಿ ಹೆಚ್ಚಿನವುಗಳ ಮೇಲೆ ನನ್ನ ಮುದ್ದಾದ ಅಕ್ಷರದಲ್ಲಿ ಒಂದೇ ಷರಾ: "ಸ್ಥಳ ಪರಿಶೀಲನೆಗೆ ಹೋದಾಗ ಅರ್ಜಿದಾರರು ಮನೆಯಲ್ಲಿ ಇರಲಿಲ್ಲ." ರುಕ್ಕಮ್ಮ ಎಂಬ ಹೆಂಗಸಿನ ಅರ್ಜಿ ಮೂರು ವರ್ಷದಲ್ಲಿ ಮೂರು ಸಲ ಹಾಗೆ ತಿರಸ್ಕೃತವಾಗಿತ್ತು. ಗಂಡನಿಲ್ಲ, ಇಬ್ಬರು ಹೆಣ್ಣು ಮಕ್ಕಳು. ಕಾರ್ಡಿಲ್ಲದ್ದರಿಂದ ಸೊಸೈಟಿ ಅಕ್ಕಿಯಿಲ್ಲ. ಫೆಬ್ರವರಿ ಕೊನೆಗೆ ಹೊಸ ಅರ್ಜಿ ನಿಲ್ಲಿಸುತ್ತಾರೆಂದು ಸುತ್ತೋಲೆ ಬಂದಿತ್ತು. ಮತ್ತೆ ಯಾವಾಗ ತೆಗೆದುಕೊಳ್ಳುತ್ತಾರೋ ಆ ದೇವರಿಗೇ ಗೊತ್ತು. "ಇವ್ರು ಯಾವಾಗ್ಲೂ ಮನೇಲಿರಲ್ವಾ ಸರ್?" ಎಂದಳು. "ಅವ್ರಿಗೆ ಆಸಕ್ತಿ ಇಲ್ಲಮ್ಮ" ಎಂದೆ. ನಾನು ಹಾಗೆಂದೇ ನಂಬಿದ್ದೆ, ಸುಳ್ಳು ಹೇಳಲಿಲ್ಲ.

ಸ್ಥಳ ಪರಿಶೀಲನೆ ಹೇಗೆ ಮಾಡುತ್ತಾರೆಂದು ತೋರಿಸಲು ಮಂಗಳವಾರ ರುಕ್ಕಮ್ಮ ಕೆಲಸ ಮಾಡುವ ಎಸ್ಟೇಟಿಗೇ ಕರೆದುಕೊಂಡು ಹೋದೆ. ನಮ್ಮಲ್ಲಿ ಪರಿಶೀಲನೆಗೊಂದು ಪದ್ಧತಿಯಿತ್ತು. ಜೀಪು ಎಸ್ಟೇಟ್ ಆಫೀಸಿನ ಮುಂದೆ ನಿಲ್ಲುತ್ತದೆ. ತೋಟದ ಲೆಕ್ಕಪತ್ರ ನೋಡುವ ರೈಟರು ಕುರ್ಚಿ ಹಾಕಿಸಿ ಕಾಫಿ ತರಿಸುತ್ತಾರೆ. ನಾನು ಪಟ್ಟಿ ಓದುತ್ತೇನೆ; ಅವರು "ಎಲ್ಲ ಹಣ್ಣು ಕುಯ್ಯಕ್ಕೆ ಹೋಗವ್ರೆ ಸಾರ್" ಎನ್ನುತ್ತಾರೆ; ನಾನು ಷರಾ ಬರೆಯುತ್ತೇನೆ. ಅವತ್ತೂ ಪೆನ್ನು ತೆಗೆದಿದ್ದೆ. ನಂದಿತಾ, "ಲೈನ್ ಎಲ್ಲಿದೆ?" ಎಂದು ಕೇಳಿ ಒಬ್ಬಳೇ ಇಳಿದು ಹೋದಳು. ಮುಕ್ಕಾಲು ಗಂಟೆ ಬಿಟ್ಟು, ಚಪ್ಪಲಿಯೆಲ್ಲ ಕೆಂಪು ಧೂಳು ಮಾಡಿಕೊಂಡು ಬಂದು ಹೇಳಿದಳು, "ಎಲ್ಲ ಮನೆಗೂ ಬೀಗ ಸರ್. ಒಬ್ರು ಅಜ್ಜಿ ಇದ್ರು. ವಾರದ ರಜೆ ಭಾನುವಾರ ಮಾತ್ರ ಅಂತೆ, ಅವತ್ತು ಎಲ್ರೂ ಸಂತೆಗೆ ಬರ್ತಾರಂತೆ. ನಮ್ ಆಫೀಸ್ ಮೆಟ್ಟಿಲ ಮೇಲೇ ಕೂತು ಗಂಟು ಕಟ್ಕೋತಾರಂತೆ. ಆದ್ರೆ ಅವತ್ತು ನಮ್ ಬಾಗ್ಲು ಹಾಕಿರುತ್ತಲ್ಲ ಸರ್."

ಹನ್ನೆರಡು ವರ್ಷದಿಂದ ಪ್ರತಿ ಸೋಮವಾರ ನಮ್ಮ ಜವಾನ ಆ ಮೆಟ್ಟಿಲಿನಿಂದ ಈರುಳ್ಳಿ ಸಿಪ್ಪೆ, ವೀಳ್ಯದೆಲೆಯ ತೊಟ್ಟು ಗುಡಿಸಿ ಬೈಯುತ್ತಿದ್ದ. ನಾನೂ ಅವನ ಜೊತೆ ದನಿಗೂಡಿಸುತ್ತಿದ್ದೆ. ಯಾರ ಸಿಪ್ಪೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಮುಂದಿನದ್ದು ನೀವೇ ಊಹಿಸಬಹುದು. ಸಂತೆಯ ದಿನ ಕಚೇರಿ ಜಗಲಿಯಲ್ಲಿ ಮೇಜು ಹಾಕಿ, ತೋಟದ ಮೇಸ್ತ್ರಿಗಳನ್ನೂ ಅಕ್ಕಪಕ್ಕದವರನ್ನೂ ಕರೆಸಿ ಗುರುತು ಹಿಡಿಸಿ, ಪರಿಶೀಲನೆಯನ್ನು ಅಲ್ಲೇ ಮುಗಿಸೋಣ ಎಂದಳು. ಸಾಹೇಬರು "ಮಾಡಿ, ನನ್ನನ್ ಮಾತ್ರ ಕರೀಬೇಡಿ" ಎಂದರು. ನನಗೆ ಉಳಿದಿದ್ದ ಆಸೆ ಸರೋಜಳೊಬ್ಬಳೇ. ಭಾನುವಾರದ ಪಾವಿತ್ರ್ಯದ ಬಗ್ಗೆ ಅವಳ ಮುಂದೆ ಭಾಷಣ ಮಾಡಿದೆ. "ಮಲಗೋದು ಎಲ್ಲಿಗೂ ಓಡಿ ಹೋಗಲ್ಲ ಮಾರಾಯ್ರೆ. ಹುಡ್ಗಿ ಹೇಳೋದ್ರಲ್ಲಿ ಏನು ತಪ್ಪಿದೆ? ಕಡುಬು ಅಲ್ಲಿಗೇ ಕಳಿಸ್ತೀನಿ" ಎಂದಳು. ಕಳಿಸಿದಳು ಕೂಡ. ಆದರೆ ಮೊದಲ ಭಾನುವಾರವೇ ಜಗಲಿ ತುಂಬಿ ಸಾಲು ಮೀನಂಗಡಿಯವರೆಗೆ ಹೋಗಿತ್ತು, ಡಬ್ಬಿಯ ಮುಚ್ಚಳ ತೆಗೆಯುವಾಗ ನಾಲ್ಕು ಗಂಟೆ. ಆಸಕ್ತಿಯಿಲ್ಲದ ಜನ ಒಬ್ಬರನ್ನೊಬ್ಬರು ನೂಕಿಕೊಂಡು ನಿಂತಿದ್ದರು.

ಕಾರ್ಡಿನ ಹೊಸ ಅರ್ಜಿ ನಿಂತ ಮೇಲೂ ಆ ಮೇಜು, ಬೇರೆ ಅರ್ಜಿಗಳಿಗೆಂದು, ನನಗೆ ವರ್ಗವಾಗುವವರೆಗೂ ನಡೆಯಿತು. ಅದಕ್ಕಾಗಿ ಮೇಲಿನವರು ನನ್ನನ್ನು ಹೊಗಳಿದ್ದೂ ಉಂಟು, ನಾಚಿಕೆಯಿಲ್ಲದೆ ಹೊಗಳಿಸಿಕೊಂಡೆ. ನಿಜವಾಗಿ ಹೇಳುತ್ತೇನೆ, ನನ್ನ ಸರ್ವೀಸಿನಲ್ಲಿ ನೆನೆಸಿಕೊಂಡರೆ ಸಂತೋಷವಾಗುವ ಕೆಲಸ ಅದೊಂದೇ, ಅದನ್ನು ಕೊಟ್ಟವಳು ಇಪ್ಪತ್ತೆರಡು ವರ್ಷದ ಆ ಹುಡುಗಿ. ನಾನು ಅವಳಿಗೆ ಏನು ಕಲಿಸಿದೆನೋ ಕಾಣೆ. ಅವಳ ಋಣ ಮಾತ್ರ ನನ್ನ ಮೇಲಿದೆ. ಸರೋಜಳಿಗೂ ಹೇಳದ ಇನ್ನೊಂದು ಋಣವಿದೆ, ಅದನ್ನೂ ಹೇಳಿಬಿಡುತ್ತೇನೆ.

ಫೆಬ್ರವರಿಯ ಕೊನೆಯ ಭಾನುವಾರ ರುಕ್ಕಮ್ಮ ಬಂದಳು. ಸಾಲು ಕರಗುವವರೆಗೂ ಕಂಬದ ಹಿಂದೆ ನಿಂತಿದ್ದು, ಎಲ್ಲರಿಗಿಂತ ಕೊನೆಗೆ ಮೇಜಿನ ಹತ್ತಿರ ಬಂದಳು. ಮೇಸ್ತ್ರಿ ಗುರುತು ಹೇಳಿದ. ನಾನು ಸಹಿ ಹಾಕಿದೆ. ಮೂರು ವರ್ಷದ ಕೆಲಸ ಮೂರು ನಿಮಿಷದಲ್ಲಿ ಮುಗಿಯಿತು. ಆದರೂ ಅವಳು ಹೋಗಲಿಲ್ಲ. ಕೈ ಮುಗಿದುಕೊಂಡು, "ಸ್ವಾಮಿ, ಮೂರು ಸಲ ನಮ್ ಮನೆ ತಂಕ ಬಂದಿದ್ರಂತೆ ನೀವು. ಆಫೀಸಿಂದ ಬಂದ ಕಾಗ್ದದಲ್ಲಿ ಬರ್ದಿದ್ದನ್ನ ರೈಟರಯ್ಯ ಓದಿ ಹೇಳಿದ್ರು. ಅಷ್ಟು ದೂರ ಇಳ್ದು ಬಂದೋರಿಗೆ ಒಂದ್ ಲೋಟ ನೀರು ಕೊಡಕ್ಕೂ ನಾನು ಮನೇಲಿರ್ಲಿಲ್ಲ. ತಪ್ಪಾಯ್ತು ಸ್ವಾಮಿ, ಹೊಟ್ಟೇಲಿ ಹಾಕ್ಕಳಿ" ಎಂದಳು.

ಪಕ್ಕದಲ್ಲೇ ನಂದಿತಾ ಕೂತಿದ್ದಳು. ರೈಟರ ಕುರ್ಚಿಯಿಂದ ಲೈನಿನ ಕಡೆಗೆ ನಾನು ಒಂದು ಹೆಜ್ಜೆಯೂ ಇಟ್ಟವನಲ್ಲ ಎಂದು ಅಲ್ಲಿ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಅವಳು ತಲೆ ಎತ್ತಲಿಲ್ಲ, ರಿಜಿಸ್ಟರಿನಲ್ಲಿ ನಂಬರು ಬರೆಯುತ್ತಲೇ ಹೋದಳು. ಆಮೇಲೂ ಒಂದು ಮಾತಾಡಲಿಲ್ಲ, ತನ್ನ ವರದಿಯಲ್ಲೂ ಬರೆಯಲಿಲ್ಲ. ಹೇಳಬೇಕಾದವನು ನಾನೇ ಎಂದು ಬಿಟ್ಟಿದ್ದಳೋ ಏನೋ. ನಾನೂ ಹೇಳಬೇಕೆಂದೇ ಬಾಯಿ ತೆರೆದೆ.

"ಇರ್ಲಿ ಬಿಡಮ್ಮ, ಪರವಾಗಿಲ್ಲ" ಎಂದೆ. ರುಕ್ಕಮ್ಮ ನನ್ನ ದೊಡ್ಡ ಮನಸ್ಸಿಗೆ ಇನ್ನೊಮ್ಮೆ ಕೈ ಮುಗಿದು ಮೆಟ್ಟಿಲಿಳಿದಳು.